ವಸ್ತಿಯ ನಾಯಿಗೆ ಯಜಮಾನ ಯಾರು?



ಬೀಜದ ಆಯ್ಕೆ, ನಾಟಿ, ಗೊಬ್ಬರ, ಕುಳೆ ಕಬ್ಬಿನ ಆರೈಕೆ ಮುಂತಾದ ವಿಷಯಗಳ ಮೇಲೆ ಈ ಪತ್ರಿಕೆಯಲ್ಲಿ ಪಾಠಗಳು ಬರುವುದು ವಾಡಿಕೆ. ಈ ಸಲ ನಾಯಿಯ ವಿಷಯ ಬಂದುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಕಬ್ಬು ಬೆಳೆಯುವ ನಮ್ಮಲ್ಲಿ ಅನೇಕರ ಸಂಸಾರ ಹೊಲದೊಳಗಿನ ವಸ್ತಿಯಲ್ಲಿಯೇ ನಡೆಯುತ್ತದೆ. ವಸ್ತಿ ಎಂದ ಮೇಲೆ ಬಾವಿ, ಮೋಟಾರು, ದನದ ಕೊಟ್ಟಿಗೆ ಇವುಗಳೊಡನೆ ಬಾಗಿಲಲ್ಲಿ ಒಂದು ನಾಯಿಯೂ ಇದ್ದೇ ಇರುತ್ತದೆ. ಕಬ್ಬಿನ ನೋಂದಣಿಗೆ ಬರುವ ಚಿಟ್‌ಬಾಯ್, ಪಕ್ವತೆ ನೋಡಲು ಬರುವ ನಮ್ಮ ವಿಭಾಗದ ಸಿಬ್ಬಂದಿ, ಹಂಗಾಮಿನಲ್ಲಿ ಬರುವ ಟೋಳಿಯವರು, ಅವರ ಚಿಕ್ಕ ಮಕ್ಕಳು, ಟ್ರ್ಯಾಕ್ಟರ್ ಚಾಲಕರು, ಇವರೆಲ್ಲರಿಗೂ ವಸ್ತಿಯಲ್ಲಿ ಮೊದಲು ಎದುರಾಗುವುದು ಯಜಮಾನನಲ್ಲ, ಆತನ ನಾಯಿ.

ನಾಯಿ ಕಚ್ಚಿದ ಮೇಲೆ ಏನು ನಡೆಯುತ್ತದೆಂಬುದು ತಮಗೆ ಗೊತ್ತೇ ಇದೆ. ಕಚ್ಚಿಸಿಕೊಂಡವನು ದವಾಖಾನೆಗೆ ಓಡಬೇಕು. ನಾಯಿಯ ಪಾಲಿಗೆ ಬಡಿಗೆ, ಇಲ್ಲವೆ ವಿಷ ಹಚ್ಚಿದ ರೊಟ್ಟಿ. ನೆರೆಹೊರೆಯಲ್ಲಿ ವೈಮನಸ್ಸು ಬೆಳೆಯುತ್ತದೆ. ಮದ್ದು ಸಕಾಲಕ್ಕೆ ಸಿಗದಿದ್ದರೆ ಒಂದು ಜೀವವೇ ಹೋಗುತ್ತದೆ. ಇದರಲ್ಲಿ ಬಹುಪಾಲು ತಪ್ಪಿಸಬಹುದಾದದ್ದು. ಅದಕ್ಕೆ ಬೇಕಾದವು ಎರಡು: ನಾಯಿಯ ಸ್ವಭಾವದ ತಿಳಿವಳಿಕೆ, ಮತ್ತು ಅದರ ಮೇಲೆ ಸರಿಯಾದ ಯಜಮಾನಿಕೆ. ಈ ಎರಡನ್ನು ಕುರಿತು ಈ ಪಾಠದಲ್ಲಿ ವಿಚಾರ ಮಾಡೋಣ.

ನಾಯಿಯ ಋಣ

ನಾಯಿಯನ್ನು ಕೀಳಾಗಿ ಕಾಣುವ ಮಾತು ನಮ್ಮಲ್ಲಿ ಹೆಚ್ಚು. ಆದರೆ ನಮ್ಮ ನಾಡಿನ ಹಳೆಯ ದಾಖಲೆ ಬೇರೆಯೇ ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949-50ರ ಒಂದು ವೀರಗಲ್ಲು ದೊರೆತಿದೆ. ನಮ್ಮ ಕಡೆಗೆ ಸಮೀಪದ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು ಅದು. ಗಂಗರ ಇಮ್ಮಡಿ ಬೂತುಗನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ವೀರನಾದ ಮಣಲೇರ ಬೇಡಿ ಪಡೆದುಕೊಂಡನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ಸಾವಿರ ವರ್ಷಕ್ಕೂ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ಜನ ನಾವು. ನಮ್ಮ ಮುಧೋಳ ನಾಯಿಗೂ ಭಾರತದ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಗೌರವ ಕೊಟ್ಟಿತು.

ಈಗಲೂ ಕಬ್ಬಿಗೆ ನುಗ್ಗುವ ಕಾಡುಹಂದಿಯ ಸುಳಿವು ಮೊದಲು ಹತ್ತುವುದು ನಾಯಿಗೆ. ರಾತ್ರಿ ಬಾವಿಯ ಮೇಲಿನ ಕೇಬಲು, ಸ್ಟಾರ್ಟರು ಕದಿಯಲು ಬರುವವನನ್ನು ತಡೆಯುವುದೂ ಅದೇ. ಜಾತಿಯ ನಾಯಿಯೇ ಬೇಕೆಂದಿಲ್ಲ. ನಮ್ಮ ಹವೆಗೆ ಒಗ್ಗಿದ ಊರ ನಾಯಿ ಒಂದೆರಡು ಹೊತ್ತಿನ ಅನ್ನಕ್ಕೆ ಈ ಕೆಲಸವನ್ನೆಲ್ಲ ಮಾಡುತ್ತದೆ. ಅದಕ್ಕೆ ಬೇಕಾದುದು ಸರಿಯಾದ ಪಾಲನೆ.

ಯಜಮಾನಿಕೆಯ ತಪ್ಪು ಕಲ್ಪನೆ

"ನಾಯಿ ತೋಳದ ಕುಲದ್ದು. ತೋಳಗಳ ಹಿಂಡಿನಲ್ಲಿ ಬಲಶಾಲಿಯಾದದ್ದು ಉಳಿದವನ್ನು ಕಚ್ಚಿ ಕೆಡವಿ ನಾಯಕನಾಗುತ್ತದೆ. ಆದುದರಿಂದ ನಾವೂ ನಾಯಿಯನ್ನು ಬಡಿದು, ನೆಲಕ್ಕೊತ್ತಿ, ನಾವೇ ದೊಡ್ಡವರೆಂದು ತೋರಿಸಬೇಕು" ಎಂಬ ಅಭಿಪ್ರಾಯ ಬಹಳ ಕಾಲ ಪ್ರಚಾರದಲ್ಲಿತ್ತು. ಪೇಟೆಯಲ್ಲಿ ನಾಯಿ ಕಲಿಸುವ ಕೆಲವರು ಇಂದಿಗೂ ಇದನ್ನೇ ಹೇಳುತ್ತಾರೆ. ಇದು ಎಲ್ಲಿಂದ ಬಂತೆಂಬುದನ್ನು ತಿಳಿದರೆ ಇದರ ಬೆಲೆಯೂ ತಿಳಿಯುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ನೋಡಿ 1947ರಲ್ಲಿ ಲೇಖನ ಬರೆದರು. ಮೇಲಾಟಕ್ಕಾಗಿ ಅವು ಸದಾ ಕಾದಾಡುತ್ತಿದ್ದುದನ್ನು ಅವರು ಕಂಡಿದ್ದರು. ಅಮೆರಿಕದ ಡೇವಿಡ್ ಮೆಕ್ ಎಂಬ ತೋಳತಜ್ಞರು 1970ರ ತಮ್ಮ ಪುಸ್ತಕದಲ್ಲಿ ಇದೇ ವಿಚಾರವನ್ನು ಹೇಳಿದುದರಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಮುಂದೆ ಮೆಕ್ ಅವರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ, ಬೇಲಿಯಿಲ್ಲದ ಬಯಲಿನಲ್ಲಿ, 1986ರಿಂದ ಅನೇಕ ಬೇಸಿಗೆಗಳನ್ನು ಕಾಡುತೋಳಗಳ ಹತ್ತಿರವೇ ಕಳೆದರು. ಅಲ್ಲಿ ಅವರಿಗೆ ಕಂಡದ್ದೇ ಬೇರೆ. ಹಿಂಡು ಎಂದರೆ ಒಂದು ಕುಟುಂಬ. ಮುಂದಾಳುಗಳೆಂದರೆ ತಾಯಿ ಮತ್ತು ತಂದೆ. ಉಳಿದವು ಅವುಗಳ ಮಕ್ಕಳು. ತಂದೆತಾಯಿಗಳು ಬೇಟೆಗೆ ದಾರಿ ತೋರಿಸುತ್ತವೆ, ಮರಿಗಳಿಗೆ ಉಣಿಸುತ್ತವೆ, ಅಪಾಯದಿಂದ ಕಾಯುತ್ತವೆ. ಆದುದರಿಂದಲೇ ಮಕ್ಕಳು ಅವುಗಳ ಹಿಂದೆ ನಡೆಯುತ್ತವೆ. ಮೆಕ್ ಅವರು 1999ರ ಲೇಖನದಲ್ಲಿ ಹಳೆಯ ವಿಚಾರವನ್ನು ತಿದ್ದಿದರು.

ಗುರುತುಪರಿಚಯವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದರೆ ಜಗಳವಾಗುವುದು ಸಹಜ. ಒಬ್ಬರ ದನವನ್ನು ಇನ್ನೊಬ್ಬರ ಕೊಟ್ಟಿಗೆಗೆ ಹೊಡೆದು ಅವುಗಳ ಹಾಯ್ದಾಟವನ್ನೇ ದನದ ಸ್ವಭಾವವೆಂದು ಬರೆದಂತಾಯಿತು ಅದು. ಇನ್ನು ನಾಯಿಯಂತೂ ಕನಿಷ್ಠ 14 ಸಾವಿರ ವರ್ಷಗಳಿಂದ ಮನುಷ್ಯನ ಒಲೆಯ ಸುತ್ತ ಬೆಳೆದ ಪ್ರಾಣಿ. ಸೋಲಾಪುರದ ಹುಲ್ಲುಗಾವಲುಗಳಲ್ಲಿ ಇಂದಿಗೂ ಇರುವ ತೋಳಕ್ಕೂ ತಮ್ಮ ಬಾಗಿಲ ಮೋತಿಗೂ ಸ್ವಭಾವದಲ್ಲಿ ದೊಡ್ಡ ಅಂತರವಿದೆ.

ಹಾಗಾದರೆ ನಾಯಿಯ ಲೆಕ್ಕದಲ್ಲಿ ಯಜಮಾನ ಯಾರು? ಹೊತ್ತಿಗೆ ಸರಿಯಾಗಿ ಅನ್ನ ಹಾಕುವವನು, ಹೇಳಿದ ಮಾತನ್ನು ದಿನವೂ ಒಂದೇ ರೀತಿ ಹೇಳುವವನು, ಯಾವುದಕ್ಕೆ ಅನುಮತಿ ಯಾವುದಕ್ಕೆ ಇಲ್ಲ ಎಂಬುದನ್ನು ಗೊಂದಲವಿಲ್ಲದೆ ತೋರಿಸುವವನು. ಅನೇಕ ವಸ್ತಿಗಳಲ್ಲಿ ಮನೆಯ ಹಿರಿಯ ಬಡಿಗೆ ಹಿಡಿದು ಕೂಗಿದರೆ ನಾಯಿ ದೂರ ಓಡುತ್ತದೆ. ರೊಟ್ಟಿ ಹಾಕುವ ತಾಯಿ ಮೆಲ್ಲಗೆ ಕರೆದರೆ ಓಡಿ ಬರುತ್ತದೆ. ಆ ಮನೆಯಲ್ಲಿ ನಾಯಿಗೆ ನಿಜವಾದ ಯಜಮಾನಿ ಆ ತಾಯಿ. ಹಿರಿಯನ ವಿಷಯದಲ್ಲಿ ಅದಕ್ಕಿರುವುದು ಭಯ. ಭಯದ ವಿಧೇಯತೆ ಬಡಿಗೆ ಕಣ್ಣಿಗೆ ಬೀಳುವಷ್ಟು ಹೊತ್ತು ಮಾತ್ರ ಇರುತ್ತದೆ. ತಾವು ಪೇಟೆಗೆ ಹೋದ ದಿನ ಆ ನಾಯಿಯನ್ನು ತಡೆಯುವವರು ಯಾರೂ ಇರುವುದಿಲ್ಲ.

ನಾಯಿ ಕಲಿಯುವುದು ಹೇಗೆ

ರಷ್ಯಾದ ಇವಾನ್ ಪಾವ್ಲೋವ್ ಎಂಬ ವಿಜ್ಞಾನಿಯ ಹೆಸರನ್ನು ಶಾಲೆ ಕಲಿತವರು ಕೇಳಿರಬಹುದು. ಜೀರ್ಣಕ್ರಿಯೆಯ ಅಭ್ಯಾಸಕ್ಕಾಗಿ ಅವರಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆಹಾರಕ್ಕೆ ಮುಂಚೆ ಪ್ರತಿಸಲ ಒಂದು ಸಪ್ಪಳ ಮಾಡುತ್ತ ಬಂದರೆ, ಕೆಲ ದಿನಗಳಲ್ಲಿ ಆ ಸಪ್ಪಳ ಕೇಳಿದ ಮಾತ್ರಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆಂದು ಅವರು ತೋರಿಸಿದರು. ಇದರ ಅರ್ಥವಿಷ್ಟೇ: ಒಂದರ ಹಿಂದೆ ಒಂದು ಬರುವ ಸಂಗತಿಗಳನ್ನು ನಾಯಿ ತಟ್ಟನೆ ಜೋಡಿಸಿಕೊಳ್ಳುತ್ತದೆ. ಇದರಿಂದ ನಾವು ಮೂರು ವಿಷಯ ಕಲಿಯಬೇಕು.

ಮೊದಲನೆಯದು, ಹೊತ್ತು. ನಾಯಿ ಒಳ್ಳೆಯ ಕೆಲಸ ಮಾಡಿದ ಒಂದೆರಡು ಸೆಕೆಂಡಿನೊಳಗೆ ಮೆಚ್ಚುಗೆ ಸಿಗಬೇಕು. ಕರೆದಾಗ ಬಂದ ನಾಯಿಗೆ "ಹೊತ್ತಾಯಿತೆ ಬರಲಿಕ್ಕೆ" ಎಂದು ಏಟು ಹಾಕಿದರೆ, ಕರೆದಾಗ ಬರಬಾರದೆಂಬ ಪಾಠವನ್ನೇ ಅದು ಕಲಿಯುತ್ತದೆ. ಬೆಳಿಗ್ಗೆ ಕೋಳಿ ಹಿಡಿದ ನಾಯಿಗೆ ಸಂಜೆ ಹೊಡೆದರೆ ಏಕೆ ಹೊಡೆದರೆಂಬುದು ಅದಕ್ಕೆ ತಿಳಿಯುವುದಿಲ್ಲ.

ಎರಡನೆಯದು, ಫಲ. ಯಾವ ಕೆಲಸದಿಂದ ಫಲ ಸಿಕ್ಕಿತೋ ಅದನ್ನು ನಾಯಿ ಮತ್ತೆ ಮಾಡುತ್ತದೆ. ನಮ್ಮ ಚಿಟ್‌ಬಾಯ್‌ಗಳ ಮೋಟಾರ್‌ಸೈಕಲ್ ಬೆನ್ನುಹತ್ತುವ ನಾಯಿಗಳನ್ನೇ ನೋಡಿ. ನಾಯಿ ಓಡಿ ಬರುತ್ತದೆ, ಬೊಗಳುತ್ತದೆ, ಗಾಡಿ ಮುಂದೆ ಹೋಗುತ್ತದೆ. ಗಾಡಿ ಹೇಗೂ ಮುಂದೆ ಹೋಗುವುದೇ ಇತ್ತು. ಆದರೆ ತಾನು ಬೊಗಳಿದ್ದರಿಂದಲೇ ಓಡಿಹೋಯಿತೆಂದು ನಾಯಿ ತಿಳಿಯುತ್ತದೆ. ಹೀಗೆ ದಿನಕ್ಕೆ ಹತ್ತು ಸಲ ಗೆದ್ದ ನಾಯಿ ಹನ್ನೊಂದನೆಯ ಸಲ ಕಾಲಿಗೆ ಬಾಯಿ ಹಾಕುವ ಧೈರ್ಯ ಮಾಡುತ್ತದೆ. ಈ ಚಟ ಬಿಡಿಸಲು ನಾಯಿಯನ್ನು ಹಗ್ಗದಲ್ಲಿ ಹಿಡಿದು, ಗಾಡಿ ದೂರವಿದ್ದಾಗಲೇ ಹೆಸರು ಹಿಡಿದು ಕರೆದು, ತಿರುಗಿ ನೋಡಿದ ಕೂಡಲೆ ರೊಟ್ಟಿಯ ತುಣುಕು ಕೊಡಬೇಕು. ಗಾಡಿಯ ಸಪ್ಪಳ ಕೇಳಿದರೆ ಯಜಮಾನನ ಕಡೆ ನೋಡಬೇಕೆಂಬ ಹೊಸ ಜೋಡಣೆ ಕೆಲ ವಾರಗಳಲ್ಲಿ ಮೂಡುತ್ತದೆ.

ಮೂರನೆಯದು, ಒಮ್ಮತ. ಉಣ್ಣುವಾಗ ಹತ್ತಿರ ಬಂದ ನಾಯಿಗೆ ಅಜ್ಜ ತುತ್ತು ಹಾಕಿ, ಅಪ್ಪ ಹಚಾ ಎಂದು ಓಡಿಸಿದರೆ ಅದು ಪಂಕ್ತಿ ಬಿಟ್ಟು ಏಳುವುದಿಲ್ಲ. ಹತ್ತರಲ್ಲಿ ಒಮ್ಮೆ ಸಿಕ್ಕರೂ ಅದು ಕಾಯುತ್ತದೆ. ಗಡಿನಾಡಿನ ನಮ್ಮ ಮನೆಗಳಲ್ಲಿ ಇನ್ನೊಂದು ವಿಶೇಷ ಅಡಚಣೆಯಿದೆ. ತಾಯಿ "ಬಾ" ಎನ್ನುತ್ತಾಳೆ, ಮರಾಠಿ ಶಾಲೆಗೆ ಹೋಗುವ ಮಗ "ಯೇ" ಎನ್ನುತ್ತಾನೆ, ಆಳು ಬರೀ ಸಿಳ್ಳೆ ಹಾಕುತ್ತಾನೆ. ನಾಯಿಗೆ ಕನ್ನಡವೂ ಒಂದೇ, ಮರಾಠಿಯೂ ಒಂದೇ. ಆದರೆ ಒಂದು ಕೆಲಸಕ್ಕೆ ಒಂದೇ ಶಬ್ದ ಬೇಕು. ಮನೆಮಂದಿಯೆಲ್ಲ ಕೂಡಿ ಶಬ್ದಗಳನ್ನು ಗೊತ್ತುಮಾಡಿಕೊಳ್ಳಿರಿ. ಸಹಕಾರವಿಲ್ಲದೆ ಕಾರ್ಖಾನೆ ನಡೆಯದಂತೆ ನಾಯಿಯ ಕಲಿಕೆಯೂ ನಡೆಯದು.

ಮರಿಯ ವಯಸ್ಸು

ಬೀಜದ ಗುಣ ಬೆಳೆಯಲ್ಲಿ ಕಾಣುವಂತೆ ಮರಿಯ ವಯಸ್ಸಿನಲ್ಲಿ ಆದ ಸಂಸ್ಕಾರ ನಾಯಿಯ ಜನ್ಮವಿಡೀ ಕಾಣುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯ ಮಾತು ಇದು: ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಹದವಾದ ಮಣ್ಣಿನಂತೆ ಇರುತ್ತದೆ. ಆಗ ಕಂಡ ಮನುಷ್ಯರನ್ನು, ಪ್ರಾಣಿಗಳನ್ನು ಅದು ತನ್ನವರೆಂದು ತಿಳಿಯುತ್ತದೆ. ಆ ಕಾಲದಲ್ಲಿ ಮನುಷ್ಯರ ಸಂಗವೇ ಸಿಗದ ಮರಿ ಮುಂದೆ ಮನುಷ್ಯರನ್ನು ಕಂಡರೆ ಅಂಜುತ್ತದೆ. ಅಂಜುವ ನಾಯಿಯೇ ಮುಂದೆ ಕಚ್ಚುವ ನಾಯಿಯಾಗುವ ಸಂಭವ ಹೆಚ್ಚು.

ಆದುದರಿಂದ ಮರಿಯನ್ನು ಏಳೆಂಟು ವಾರ ತಾಯಿಯ ಹತ್ತಿರವೇ ಬಿಡಬೇಕು. ಕಚ್ಚಾಟದಲ್ಲಿ ಎಷ್ಟು ಬಿಗಿ ಹಿಡಿದರೆ ನೋವಾಗುತ್ತದೆಂಬುದನ್ನು ಅದು ಒಡಹುಟ್ಟಿದ ಮರಿಗಳಿಂದಲೇ ಕಲಿಯುತ್ತದೆ. ತಂದ ಮೇಲೆ ಮಕ್ಕಳು, ಮುದುಕರು, ತಲೆಯ ಮೇಲೆ ಹೊರೆ ಹೊತ್ತವರು, ಹೆಲ್ಮೆಟ್ ಹಾಕಿದವರು, ದನ, ಕೋಳಿ, ಟ್ರ್ಯಾಕ್ಟರು ಎಲ್ಲವನ್ನೂ ದೂರದಿಂದ, ಹೆದರಿಕೆಯಾಗದಂತೆ, ತುಣುಕು ರೊಟ್ಟಿ ಕೊಡುತ್ತ ಪರಿಚಯ ಮಾಡಿಸಬೇಕು. "ಕಾವಲಿಗೆ ಬೇಕು, ಯಾರಿಗೂ ತೋರಿಸಬಾರದು" ಎಂದು ಮರಿಯನ್ನು ಕತ್ತಲೆಯ ಕೋಣೆಯಲ್ಲಿ ಕಟ್ಟಿ ಬೆಳೆಸುವ ಪದ್ಧತಿ ಕೆಲವೆಡೆ ಇದೆ. ಹೀಗೆ ಬೆಳೆದ ನಾಯಿಗೆ ಕಳ್ಳನೂ ಒಂದೇ, ಬೀಗನೂ ಒಂದೇ. ಅದು ಕಾವಲಿಗೆ ಉಪಯೋಗವಿಲ್ಲ.

ಪ್ರತಿ ನಾಯಿಗೂ ಐದು ಪಾಠ

ಬೆಳಿಗ್ಗೆ ಹಾಲು ಹಿಂಡಿದ ಮೇಲೆ ಐದು ನಿಮಿಷ, ಸಂಜೆ ಅನ್ನ ಹಾಕುವ ಮೊದಲು ಐದು ನಿಮಿಷ ಸಾಕು. ನಾಯಿ ಹಸಿದಿರುವಾಗ ಕಲಿಕೆ ಚುರುಕು.

1. ಹೆಸರು. ಮೋತಿ, ರಾಜಾ, ವಾಘ್ಯಾ ಯಾವುದೇ ಇರಲಿ, ಚಿಕ್ಕದಿರಲಿ. ಹೆಸರು ಕರೆದು, ನೋಡಿದ ಕೂಡಲೆ ತುಣುಕು ಕೊಡಿ. ಬೈಯುವಾಗ ಆ ಹೆಸರು ಬಳಸಬೇಡಿ.

2. "ಬಾ." ಮೊದಲು ನಾಲ್ಕು ಹೆಜ್ಜೆಯಿಂದ, ನಂತರ ಅಂಗಳದ ಆಚೆಯಿಂದ, ಕೊನೆಗೆ ಕಬ್ಬಿನ ಬದುವಿನಿಂದ. ಬಂದಾಗ ಪ್ರತಿಸಲ ಸಂತೋಷ ತೋರಿಸಿ.

3. "ಕೂಡು." ತುಣುಕನ್ನು ಮೂಗಿನ ಮುಂದೆ ಹಿಡಿದು ಮೆಲ್ಲಗೆ ತಲೆಯ ಮೇಲಕ್ಕೆ ಒಯ್ದರೆ ನಾಯಿ ತಾನಾಗಿ ಕೂಡುತ್ತದೆ. ಕೂತ ಕೂಡಲೆ ಶಬ್ದ ಹೇಳಿ ತುಣುಕು ಕೊಡಿ. ಮುಂದೆ ಅನ್ನದ ತಟ್ಟೆ ಇಡುವ ಮೊದಲು ಪ್ರತಿದಿನ ಕೂಡಿಸಿರಿ. ಬಡಿಗೆಯಿಲ್ಲದ ಯಜಮಾನಿಕೆ ಬೆಳೆಯುವುದು ಇಲ್ಲಿಯೇ. ಬೇಕಾದುದು ಸಿಗಬೇಕಾದರೆ ಮೊದಲು ಶಾಂತವಾಗಿರಬೇಕೆಂದು ನಾಯಿ ತಿಳಿಯುತ್ತದೆ.

4. "ಬಿಡು." ಬಾಯಲ್ಲಿ ಹಿಡಿದುದನ್ನು ಕಸಿದುಕೊಳ್ಳಬೇಡಿ. ಅದಕ್ಕಿಂತ ಒಳ್ಳೆಯ ತುಣುಕು ತೋರಿಸಿ, ಬಿಟ್ಟ ಕೂಡಲೆ ಕೊಡಿ. ಕಸಿಯುವ ಮನೆಯಲ್ಲಿ ನಾಯಿ ತನ್ನ ತಟ್ಟೆಯನ್ನು ಕಾಯಲು ಕಲಿಯುತ್ತದೆ. ಇಲಿ ಪಾಷಾಣದ ಉಂಡೆಯನ್ನು ಬಾಯಿಗೆ ಹಾಕಿದ ದಿನ ಈ ಒಂದು ಪಾಠ ಅದರ ಜೀವ ಉಳಿಸಬಹುದು.

5. ಹಗ್ಗ. ಕೊರಳಪಟ್ಟಿ ಮತ್ತು ಹಗ್ಗಕ್ಕೆ ಚಿಕ್ಕಂದಿನಲ್ಲೇ ಒಗ್ಗಿಸಬೇಕು. ಜಗ್ಗಿದರೆ ತಾವು ನಿಂತುಬಿಡಿ, ಹಗ್ಗ ಸಡಿಲವಾದಾಗ ನಡೆಯಿರಿ.

ಕೊಡುವ ತುಣುಕು ಜೋಳದ ರೊಟ್ಟಿ, ಚಪಾತಿ ಆದೀತು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮನುಷ್ಯನಿಗೆ ಹಿತವಾದರೂ ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ಜತ್ತ ಕಡೆಯ ದ್ರಾಕ್ಷಿ ಬೆಳೆಗಾರ ಸಭಾಸದರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ಕಲಿಸಬಾರದ ಪಾಠವೂ ಒಂದಿದೆ. ಹುಡುಗರು ತಮಾಷೆಗಾಗಿ ದಾರಿಹೋಕರ ಮೇಲೆ, ಕುರಿಗಳ ಮೇಲೆ ನಾಯಿಯನ್ನು ಛೂ ಬಿಡುತ್ತಾರೆ. ಇದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿರಿ. ಇಂದು ತಮಾಷೆಗೆ ಬಿಟ್ಟ ನಾಯಿ ನಾಳೆ ಯಾರೂ ಹೇಳದಿದ್ದರೂ ಹೋಗುತ್ತದೆ. ಮೊಲ, ಚಿಗರಿಗಳ ಮೇಲೆ ಬಿಡುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಮೈಯ ಮಾತು

ನಾಯಿಗೆ ಬಾಯಿಲ್ಲದಿದ್ದರೂ ಮೈಯೆಲ್ಲ ಮಾತು. ಅದನ್ನು ಓದಲು ಬಾರದವನು ನಾಯಿ ಏಕಾಏಕಿ ಕಚ್ಚಿತು ಎನ್ನುತ್ತಾನೆ. ಏಕಾಏಕಿ ಕಚ್ಚುವ ನಾಯಿ ಬಹಳ ಅಪರೂಪ. ಕಚ್ಚುವ ಮೊದಲು ಅದು ಮೆಟ್ಟಿಲು ಮೆಟ್ಟಿಲಾಗಿ ಎಚ್ಚರಿಕೆ ಕೊಡುತ್ತದೆ.

ಮೊದಲು ಮುಖ ತಿರುಗಿಸುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. "ನನಗೆ ಇದು ಸರಿಬರುತ್ತಿಲ್ಲ" ಎಂದು ಇದರ ಅರ್ಥ. ನಂತರ ಕಿವಿ ಹಿಂದಕ್ಕೆ ಮಡಚಿ, ಬಾಲ ಕಾಲಸಂದಿನಲ್ಲಿಟ್ಟು ಮುದುಡುತ್ತದೆ. ಕಣ್ಣಿನ ಬಿಳಿ ಭಾಗ ಕಾಣಿಸುತ್ತದೆ. ಅಲ್ಲಿಗೂ ಎದುರಿನವರು ಹಿಂದೆ ಸರಿಯದಿದ್ದರೆ ಮೈ ಕಲ್ಲಿನಂತೆ ಬಿಗಿಯುತ್ತದೆ. ಇದು ಬಹಳ ಅಪಾಯದ ಗಳಿಗೆ. ಆಮೇಲೆ ಗುರುಗುಟ್ಟುವುದು, ಹಲ್ಲು ತೋರಿಸುವುದು, ಗಾಳಿಯಲ್ಲಿ ಬಾಯಿ ಹಾಕುವುದು. ಕಟ್ಟಕಡೆಗೆ ಕಚ್ಚುವುದು.

ಗುರುಗುಟ್ಟಿತೆಂದು ನಾಯಿಗೆ ಹೊಡೆಯುವುದು ನಾವು ಎಲ್ಲೆಡೆ ಕಾಣುವ ತಪ್ಪು. ಹೊಡೆತದಿಂದ ಗುರುಗುಟ್ಟುವುದು ನಿಲ್ಲುತ್ತದೆ, ಆದರೆ ಒಳಗಿನ ಅಂಜಿಕೆ ನಿಲ್ಲುವುದಿಲ್ಲ. ಕಬ್ಬಿನ ಸುಳಿ ಒಣಗಿತೆಂದು ಒಣಗಿದ ಸುಳಿಯನ್ನಷ್ಟೇ ಕಿತ್ತೊಗೆದರೆ ಒಳಗೆ ಕೂತ ಕೊರಕ ಹುಳು ಸಾಯುತ್ತದೆಯೆ? ಗುರುಗುಟ್ಟುವುದು ಒಣಸುಳಿ ಇದ್ದಂತೆ. ಅದು ನಮಗೆ ಸೂಚನೆ. ಆ ಸೂಚನೆಯನ್ನು ಹೊಡೆದು ಅಳಿಸಿದರೆ ಮುಂದೆ ನಾಯಿ ನೇರವಾಗಿ ಕಚ್ಚುತ್ತದೆ. ಗುರುಗುಟ್ಟಿದಾಗ ನಿಂತು, ಕಾರಣವನ್ನು ಹುಡುಕಿರಿ. ನೋವಿರಬಹುದು, ಮರಿಗಳಿರಬಹುದು, ತಟ್ಟೆಯ ಹತ್ತಿರ ಮಗು ಬಂದಿರಬಹುದು.

ಜನರ ಬಾಯಲ್ಲಿರುವ ಎರಡು ಮಾತುಗಳನ್ನೂ ಇಲ್ಲಿ ಪರೀಕ್ಷಿಸಬೇಕು. "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆ ಮನುಷ್ಯರಿಗೆ ಒಪ್ಪಬಹುದು, ನಾಯಿಗೆ ಒಪ್ಪುವುದಿಲ್ಲ. ಬೊಗಳಿದರೂ ಎದುರಿನವನು ಸರಿಯದಿದ್ದರೆ ಅದೇ ನಾಯಿ ಕಚ್ಚುತ್ತದೆ. "ಬಾಲ ಅಲ್ಲಾಡಿಸಿದರೆ ಸ್ನೇಹ" ಎಂಬುದೂ ಪೂರ್ಣ ಸತ್ಯವಲ್ಲ. ಮೈಯೆಲ್ಲ ಬಳುಕಿಸಿ ಬಾಲವನ್ನು ಅಗಲವಾಗಿ ಬೀಸಿದರೆ ಸ್ನೇಹ. ಬಾಲವನ್ನು ಮೇಲಕ್ಕೆ ಸೆಟೆಸಿ, ತುದಿಯನ್ನಷ್ಟೇ ಬಿಗಿಯಾಗಿ ಆಡಿಸುತ್ತ, ದಿಟ್ಟಿಸಿ ನೋಡಿದರೆ ಅದು ಎಚ್ಚರಿಕೆ.

ಕಟ್ಟುವ ಕ್ರಮ

ಹಗಲಿಡೀ ಮೊಳದುದ್ದ ಸರಪಳಿಯಲ್ಲಿ ಕಟ್ಟಿದ ನಾಯಿ ಸಿಡುಕಿನ ನಾಯಿಯಾಗುತ್ತದೆ. ಹೆದರಿದಾಗ ಓಡಿಹೋಗಲು ಅದಕ್ಕೆ ದಾರಿಯಿಲ್ಲ. ಆದುದರಿಂದ ಕಚ್ಚುವುದೊಂದೇ ಉಳಿಯುತ್ತದೆ. ಸದಾ ಕಟ್ಟಿಹಾಕಿ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧವೂ ಹೌದು.

ಒಂದು ಸುಲಭ ಉಪಾಯವಿದೆ. ನೆರಳಿರುವ ಕಡೆ ಎರಡು ಕಂಬಗಳ ನಡುವೆ ಆಳೆತ್ತರದಲ್ಲಿ ದಪ್ಪ ತಂತಿ ಬಿಗಿಯಬೇಕು. ತಂತಿಗೆ ಒಂದು ಕಬ್ಬಿಣದ ಬಳೆ ಪೋಣಿಸಿ, ಆ ಬಳೆಗೆ ಹಗ್ಗ ಕಟ್ಟಿದರೆ ನಾಯಿ ಆ ಉದ್ದಕ್ಕೂ ಓಡಾಡಬಹುದು. ನೀರಿನ ಬೋಗುಣಿ ಕೈಗೆಟುಕುವಂತಿರಲಿ. ಹಾದುಹೋಗುವ ದಾರಿಯಿಂದ ಈ ತಂತಿ ದೂರವಿರಲಿ. ಬೆಳಿಗ್ಗೆ, ಸಂಜೆ ಹೊಲದ ಸುತ್ತ ಜೊತೆಗೆ ಕರೆದುಕೊಂಡು ಹೋಗಿರಿ. ನೀರು ಬಿಡಲು ಹೋಗುವಾಗ ಹೇಗೂ ಹೋಗಲೇಬೇಕಲ್ಲ!

ಹಂಗಾಮಿನ ದಿನಗಳಲ್ಲಿ

ಗಾಣದ ಹಂಗಾಮು ಪ್ರಾರಂಭವಾದ ಮೇಲೆ ವಸ್ತಿಗೆ ಹೊಸ ಮುಖಗಳು ಬರುತ್ತವೆ. ಬೀಡ ಮುಂತಾದ ಜಿಲ್ಲೆಗಳಿಂದ ಬರುವ ಟೋಳಿಯವರು ಕೈಯಲ್ಲಿ ಕೊಯ್ತಾ ಹಿಡಿದು ನಸುಕಿನಲ್ಲಿಯೇ ಹೊಲಕ್ಕೆ ಇಳಿಯುತ್ತಾರೆ. ಅವರ ಮಕ್ಕಳು ಬದುವಿನಲ್ಲಿ ಆಡುತ್ತಿರುತ್ತವೆ. ನಾಯಿಗೆ ಇವರೆಲ್ಲ ಅಪರಿಚಿತರು. ಆ ಮಕ್ಕಳೂ ನಮ್ಮ ಮಕ್ಕಳೇ ಎಂದು ತಿಳಿದು ಕೆಳಗಿನ ವ್ಯವಸ್ಥೆ ಮಾಡಬೇಕೆಂದು ವಿನಂತಿ.

ಟೋಳಿ ಬರುವ ಹಿಂದಿನ ದಿನವೇ ನಾಯಿಯನ್ನು ತಂತಿಗೆ ಕಟ್ಟಿರಿ. ಮುಕಾದಮನಿಗೆ ನಾಯಿ ಇರುವ ಜಾಗ ತೋರಿಸಿರಿ. ಮರಿ ಹಾಕಿದ ನಾಯಿ ಇದ್ದರೆ ಅದನ್ನು ಮುಂಚಿತವಾಗಿ ತಿಳಿಸಿರಿ. ತಮ್ಮ ಮಕ್ಕಳಿಗೂ ಟೋಳಿಯ ಮಕ್ಕಳಿಗೂ ಈ ನಾಲ್ಕು ಮಾತು ಕಲಿಸಿರಿ:

1. ಉಣ್ಣುವ, ಮಲಗಿದ, ಕಟ್ಟಿದ, ಮರಿಗಳೊಡನಿರುವ ನಾಯಿಯ ಹತ್ತಿರ ಹೋಗಬಾರದು.

2. ನಾಯಿ ಬಂದರೆ ಓಡಬಾರದು, ಕಿರುಚಬಾರದು. ಗಿಡದಂತೆ ನಿಲ್ಲಬೇಕು. ಕೈ ಮೈಗೆ ಹತ್ತಿಸಿ, ಕಣ್ಣು ನೆಲಕ್ಕೆ ಇಳಿಸಬೇಕು.

3. ಕೆಳಗೆ ಬಿದ್ದರೆ ಕಲ್ಲಿನಂತೆ ಮುದುಡಿ, ಕೈಗಳಿಂದ ಕೊರಳು ಕಿವಿ ಮುಚ್ಚಿಕೊಳ್ಳಬೇಕು.

4. ನಾಯಿ ಪರಚಿದರೂ ಸರಿ, ಬೈದಾರೆಂದು ಮುಚ್ಚಿಡದೆ ಕೂಡಲೆ ಹಿರಿಯರಿಗೆ ಹೇಳಬೇಕು.

ನಾಲ್ಕನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಬೈಗುಳಕ್ಕೆ ಅಂಜಿ ಮಗು ಹೇಳದಿದ್ದರೆ ಮದ್ದಿನ ಹೊತ್ತು ಮೀರುತ್ತದೆ.

ಕಾಯಿದೆಯ ಮಾತೂ ತಮಗೆ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಅಥವಾ ಭಾರಿ ಗಾಯವಾಗದಂತೆ ಎಚ್ಚರ ವಹಿಸದ ಮಾಲಿಕನಿಗೆ ಆರು ತಿಂಗಳವರೆಗೆ ಶಿಕ್ಷೆ, ಇಲ್ಲವೆ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕಚ್ಚಿದರೆ ಏನು ಮಾಡಬೇಕು

ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಮನುಷ್ಯನಲ್ಲಿ ಲಕ್ಷಣ ತೋರಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಲಕ್ಷಣ ತೋರುವ ಮೊದಲು ಸರಿಯಾದ ಉಪಚಾರ ಮಾಡಿದರೆ ಅದನ್ನು ತಡೆಯಬಹುದು. ಲೂಯಿ ಪಾಶ್ಚರ್ ಅವರು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಲಸಿಕೆ ಕೊಟ್ಟಂದಿನಿಂದ ಈ ದಾರಿ ತೆರೆದಿದೆ.

ಕಚ್ಚಿದ ಕೂಡಲೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಮೋಟಾರು ಚಾಲೂ ಇದ್ದರೆ ಅದರ ನೀರೇ ಆದೀತು. ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬಾರದು. ತಡಮಾಡದೆ ಸರಕಾರಿ ದವಾಖಾನೆಗೆ ಹೋಗಬೇಕು.

ಹೊಟ್ಟೆಗೆ 14 ಇಂಜೆಕ್ಷನ್ ಚುಚ್ಚುತ್ತಾರೆಂಬ ಭಯ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆಯ ತಯಾರಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಲಾಗಿದೆ. ಈಗ ತೋಳಿನ ಚರ್ಮದಲ್ಲಿ ಕೊಡುವ ಪದ್ಧತಿಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ತೋಳಿನ ಸ್ನಾಯುವಿಗೆ ಕೊಡುವ ಪದ್ಧತಿಯಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ. ರಕ್ತ ಬಂದ ಗಾಯವಿದ್ದರೆ ಗಾಯದ ಸುತ್ತ ಕೊಡುವ ಸೀರಮ್ ಕೂಡ ಬೇಕಾಗುತ್ತದೆ. ಅದನ್ನು ವೈದ್ಯರಿಗೆ ಕೇಳಿರಿ. ಟೋಳಿಯವರು ಊರಿಂದ ಊರಿಗೆ ಹೋಗುವವರು. ಅವರ ಮಗುವಿಗೆ ಕಚ್ಚಿದ್ದರೆ ಮುಂದಿನ ತಾರೀಖುಗಳನ್ನು ಚೀಟಿಯಲ್ಲಿ ಬರೆಸಿ ಮುಕಾದಮನ ಕೈಗೂ ಕೊಡಿರಿ.

ಕಚ್ಚಿದ ನಾಯಿಯನ್ನು ಕೊಲ್ಲಬಾರದು. ಕಟ್ಟಿ ಹತ್ತು ದಿನ ನೋಡಬೇಕು. ಅದು ಆರೋಗ್ಯದಿಂದಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ತಿಳಿಯುತ್ತದೆ. ಆದರೆ ಹತ್ತು ದಿನದ ದಾರಿ ಕಾಯುತ್ತ ಲಸಿಕೆಯನ್ನು ಮುಂದೂಡಬಾರದು. ಕಾರಣವಿಲ್ಲದೆ ಸ್ವಭಾವ ಬದಲಾಗುವುದು, ಕತ್ತಲೆಯಲ್ಲಿ ಅಡಗುವುದು, ಕಲ್ಲು ಕಟ್ಟಿಗೆ ಕಚ್ಚುವುದು, ದವಡೆ ಜೋತು ಜೊಲ್ಲು ಸುರಿಸುವುದು, ಕೂಗಿನ ಧ್ವನಿ ಬದಲಾಗುವುದು ಈ ರೋಗದ ಲಕ್ಷಣಗಳು. ಇದು ಬೇಸಿಗೆಯಲ್ಲಷ್ಟೇ ಬರುವುದೆಂಬುದು ತಪ್ಪು ತಿಳಿವಳಿಕೆ.

ಇದೆಲ್ಲಕ್ಕಿಂತ ಸುಲಭವಾದುದು ನಾಯಿಗೇ ಲಸಿಕೆ ಹಾಕಿಸುವುದು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ನಂತರ ಪಶುವೈದ್ಯರು ಹೇಳಿದ ದಿನ ಇನ್ನೊಂದು, ಮುಂದೆ ವರ್ಷಕ್ಕೊಮ್ಮೆ. ಪಾಶ್ಚರ್ ಅವರ ಪುಣ್ಯತಿಥಿಯಾದ ಸೆಪ್ಟೆಂಬರ್ 28 ಜಗತ್ತಿನಾದ್ಯಂತ ರೇಬೀಸ್ ದಿನ. ಅದು ನಮ್ಮ ಹಂಗಾಮಿಗೆ ಮುಂಚಿನ ದಿನವೂ ಹೌದು. ಪ್ರತಿ ವರ್ಷ ಆ ವಾರದಲ್ಲಿ ವಸ್ತಿಯ ನಾಯಿಗೆ ಲಸಿಕೆ ಹಾಕಿಸುವ ರೂಢಿ ಇಟ್ಟುಕೊಂಡರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಪಾಠದ ಸಾರ

ನಾಯಿಯ ಯಜಮಾನಿಕೆ ಅನ್ನದ ಹೊತ್ತಿನಲ್ಲಿ, ಮಾತಿನ ಒಮ್ಮತದಲ್ಲಿ, ದಿನನಿತ್ಯದ ಶಿಸ್ತಿನಲ್ಲಿ ಇದೆ. ಒಳ್ಳೆಯ ಕೆಲಸಕ್ಕೆ ಕೂಡಲೆ ಮೆಚ್ಚುಗೆ ಕೊಡಿ. ಗುರುಗುಟ್ಟುವುದನ್ನು ಸೂಚನೆಯೆಂದು ತಿಳಿಯಿರಿ. ಹಂಗಾಮಿಗೆ ಮುಂಚೆ ಲಸಿಕೆ ಹಾಕಿಸಿ, ತಂತಿ ಬಿಗಿಯಿರಿ.

ಓದಿದ ಮೇಲೆ ಮನೆಮಂದಿಯೆಲ್ಲ ಕೂಡಿದಾಗ ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿರಿ: ನಮ್ಮ ನಾಯಿಯನ್ನು ಕರೆಯಲು ನಾವು ಎಷ್ಟು ಬಗೆಯ ಶಬ್ದ ಬಳಸುತ್ತಿದ್ದೇವೆ? ಅದು ಕೊನೆಯ ಸಲ ಗುರುಗುಟ್ಟಿದ್ದು ಯಾವಾಗ, ಏಕೆ? ಅದಕ್ಕೆ ಲಸಿಕೆ ಹಾಕಿಸಿದ ತಾರೀಖು ಯಾವುದು? ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದವರು ನಾಳೆಯೇ ಪಶುವೈದ್ಯಕೀಯ ದವಾಖಾನೆಗೆ ಹೋಗಿಬರಬೇಕೆಂದು ಕಳಕಳಿಯ ವಿನಂತಿ.

ಕಬ್ಬು ಅಭಿವೃದ್ಧಿ ಅಧಿಕಾರಿ